ದುಬಾರಿ ಲ್ಯಾಪ್‌ಟಾಪ್ ಸರಣಿ ‘ಸ್ಥಗಿತ’ವೋ, ‘ಹಿಂಪಡೆತ’ವೋ, ‘ಕೈಬಿಟ್ಟದ್ದೋ’?

ಮಾನ್ಯರೇ,

ಕಂಪನಿಯೊಂದು ತನ್ನ ದುಬಾರಿ ಲ್ಯಾಪ್‌ಟಾಪ್ ಸರಣಿಯನ್ನು ಒಮ್ಮೆಗೇ ನಿಲ್ಲಿಸದೆ ಕ್ರಮೇಣ ಮಾರುಕಟ್ಟೆಯಿಂದ ತೆಗೆಯುತ್ತ ಬಂದರೆ ಅದನ್ನು ಕನ್ನಡದಲ್ಲಿ ಯಾವ ಕ್ರಿಯಾಪದದಿಂದ ಹೇಳುವುದು ಸರಿ ಎಂಬುದು ನನ್ನ ಪ್ರಶ್ನೆ. ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಉಪಯೋಗವಾಗಲೆಂದು ಲ್ಯಾಪ್‌ಟಾಪ್ ಕೊಳ್ಳುವ ಕುರಿತು ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಲಕ್ಷ ರೂಪಾಯಿ ದಾಟುವ ಖರೀದಿಯ ವಿಷಯದಲ್ಲಿ ಪದ ಮಸುಕಾಗಿದ್ದರೆ ಓದುವವರಿಗೆ ನಷ್ಟವಾಗುತ್ತದೆ.

ಸುದ್ದಿಗಳಲ್ಲಿ ಹೆಚ್ಚಾಗಿ ಕಾಣುವ ಪದ ‘ಸ್ಥಗಿತ’. ವಿದ್ಯುತ್ ಪೂರೈಕೆ ಸ್ಥಗಿತ, ಕಾಮಗಾರಿ ಸ್ಥಗಿತ ಎನ್ನುವಾಗ ಅದು ಮತ್ತೆ ಶುರುವಾಗಬಹುದೆಂಬ ನಿರೀಕ್ಷೆ ಆ ಪದದಲ್ಲೇ ಇರುತ್ತದೆ. 2019ರ ಜುಲೈನಲ್ಲಿ ಆಪಲ್ ತನ್ನ 12 ಇಂಚಿನ ಮ್ಯಾಕ್‌ಬುಕ್ಕನ್ನು ಪಟ್ಟಿಯಿಂದ ತೆಗೆದಾಗ ಆ ಬಗೆಯ ನಿರೀಕ್ಷೆಗೆ ಎಡೆಯಿರಲಿಲ್ಲ. ಅಲ್ಲಿ ‘ಕೈಬಿಟ್ಟಿತು’ ಎನ್ನುವುದೇ ಹೊಂದುತ್ತದೆ. ‘ಹಿಂಪಡೆಯಿತು’ ಎಂದರೆ ಇನ್ನೂ ತೊಡಕು. ಅದೇ ವರ್ಷದ ಜೂನ್‌ನಲ್ಲಿ ಅದೇ ಕಂಪನಿ, ಬ್ಯಾಟರಿ ಅತಿಯಾಗಿ ಬಿಸಿಯಾಗುವ ಅಪಾಯದ ಕಾರಣ, ಕೆಲವು 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳನ್ನು ಹಿಂಪಡೆದಿತ್ತು. ಎರಡಕ್ಕೂ ಒಂದೇ ಪದ ಬಳಸಿದರೆ, ದೋಷವೇ ಇಲ್ಲದ ಯಂತ್ರವನ್ನೂ ಓದುಗರು ಅನುಮಾನದಿಂದ ನೋಡುತ್ತಾರೆ.

ಡೆಲ್ ಕಂಪನಿಯ ದುಬಾರಿ ಲ್ಯಾಪ್‌ಟಾಪ್ ಸರಣಿಯಾದ ಎಕ್ಸ್‌ಪಿಎಸ್‌ನ ಪ್ರಸಂಗದಲ್ಲಿ ಈ ಪದಗಳ ಕೊರತೆ ಎದ್ದು ಕಾಣುತ್ತದೆ. 2025ರ ಜನವರಿಯಲ್ಲಿ ಆ ಕಂಪನಿ ಎಕ್ಸ್‌ಪಿಎಸ್, ಇನ್ಸ್‌ಪಿರಾನ್, ಲ್ಯಾಟಿಟ್ಯೂಡ್ ಮೊದಲಾದ ಹಳೆಯ ಹೆಸರುಗಳನ್ನು ಬಿಟ್ಟು ಡೆಲ್, ಡೆಲ್ ಪ್ರೊ, ಡೆಲ್ ಪ್ರೊ ಮ್ಯಾಕ್ಸ್ ಎಂಬ ಮೂರು ಹೆಸರುಗಳಿಗೆ ಬರುವುದಾಗಿ ಪ್ರಕಟಿಸಿತು. ಎಕ್ಸ್‌ಪಿಎಸ್ ಜಾಗಕ್ಕೆ ಆ ವರ್ಷವೇ ‘ಡೆಲ್ 14 ಪ್ರೀಮಿಯಂ’, ‘ಡೆಲ್ 16 ಪ್ರೀಮಿಯಂ’ ಬಂದವು; 2026ರ ಜನವರಿಯಲ್ಲಿ ಎಕ್ಸ್‌ಪಿಎಸ್ 14 ಮತ್ತು 16ರೊಂದಿಗೆ ಹಳೆಯ ಹೆಸರೇ ಮರಳಿತು. ಇಲ್ಲಿ ಅಳಿದದ್ದು ಹೆಸರು, ಆ ದರ್ಜೆಯ ಲ್ಯಾಪ್‌ಟಾಪ್ ಅಲ್ಲ. ಈ ನಡುವೆ ‘ಪ್ರೀಮಿಯಂ ಶ್ರೇಣಿ ನಿಲ್ಲುತ್ತಿದೆ’ ಎಂದು ಬರೆದರೆ, ಪ್ರೀಮಿಯಂ ಎಂಬ ಹೆಸರಿನ ಮಾದರಿಯೋ ದುಬಾರಿ ದರ್ಜೆಯೆಲ್ಲವೋ ಎಂಬುದೂ ತಿಳಿಯುವುದಿಲ್ಲ. ಅದಕ್ಕಾಗಿಯೇ ನಾನು ಒಂದೇ ಹೆಸರಿನಡಿ ಬರುವ ಮಾದರಿಗಳಿಗೆ ‘ಸರಣಿ’ ಎಂದೂ ಬೆಲೆಯ ಅಂತಸ್ತಿಗೆ ‘ದರ್ಜೆ’ ಎಂದೂ ಬೇರೆ ಮಾಡಿ ಬರೆಯುತ್ತಿದ್ದೇನೆ.

ನಮ್ಮೂರಿನ ಅಂಗಡಿಗಳ ಆಡುಮಾತು ಇದಕ್ಕಿಂತ ಖಚಿತವಾಗಿದೆ ಎಂಬುದು ನನಗೆ ಸಂತೋಷ ಕೊಟ್ಟ ಸಂಗತಿ. ‘ಕಂಪನಿಯೋರು ಮಾಡೋದು ಬಿಟ್ಟರು’ ಎಂದರೆ ತಯಾರಿಕೆ ಮುಗಿಯಿತು. ‘ಮಾಲು ಬರೋದು ನಿಂತೈತಿ’ ಎಂದರೆ ಪೂರೈಕೆ ಇಲ್ಲ, ಅಂಗಡಿಯಲ್ಲಿ ಉಳಿದದ್ದು ಸಿಗಬಹುದು. ‘ಸ್ಪೇರ್ ಸಿಗಲ್ಲ’ ಎಂಬುದು ಕೊನೆಯ ಮಾತು. ಆಪಲ್‌ನ ನಿಯಮದಲ್ಲೂ ಈ ಕೊನೆಯ ಹಂತ ಬೇರೆಯಾಗಿಯೇ ಇದೆ: ಮಾರಾಟಕ್ಕೆ ವಿತರಿಸುವುದನ್ನು ನಿಲ್ಲಿಸಿ 5 ವರ್ಷ ಕಳೆದ ಉತ್ಪನ್ನ ಒಂದು ವರ್ಗಕ್ಕೂ 7 ವರ್ಷ ಕಳೆದದ್ದು ಮತ್ತೊಂದಕ್ಕೂ ಸೇರುತ್ತದೆ, ರಿಪೇರಿಯ ಸೌಲಭ್ಯ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಕೊಳ್ಳುವವರಿಗೆ ಬೇಕಾದ ವ್ಯತ್ಯಾಸ ಇದೇ.

ಬರಹದ ಕನ್ನಡಕ್ಕೂ ಇಂಥ ಸೂಕ್ಷ್ಮ ಹೊಸದಲ್ಲ. 2016ರ ನವೆಂಬರಿನದನ್ನು ‘ನೋಟು ರದ್ದತಿ’ ಎಂದ ನಾವೇ, 2023ರ ಮೇ ತಿಂಗಳಲ್ಲಿ 2000 ರೂಪಾಯಿಯ ನೋಟಿನ ವಿಷಯ ಬಂದಾಗ ‘ಚಲಾವಣೆಯಿಂದ ಹಿಂತೆಗೆತ’ ಎಂದೆವು. ಎರಡನೆಯದರಲ್ಲಿ ನೋಟಿನ ಕಾನೂನುಬದ್ಧ ಮಾನ್ಯತೆ ಉಳಿದಿತ್ತು.

ಆದ್ದರಿಂದ ‘ಹಂತಹಂತವಾಗಿ ಕೈಬಿಡುತ್ತಿದೆ’ ಎಂಬುದನ್ನು ಇಡೀ ಪ್ರಕ್ರಿಯೆಗೆ ಬಳಸಿ, ತಯಾರಿಕೆ, ಪೂರೈಕೆ, ಬಿಡಿಭಾಗ ಇವುಗಳಲ್ಲಿ ಯಾವುದು ನಿಂತಿದೆ ಎಂಬುದನ್ನು ಪಕ್ಕದಲ್ಲೇ ಹೇಳಬೇಕೆಂಬುದು ನನ್ನ ಒಲವು. ‘ಕೈಬಿಡು’ ಎಂಬುದಕ್ಕೆ ಜನರನ್ನು ನಡುನೀರಿನಲ್ಲಿ ಬಿಡುವ ಅರ್ಥವೂ ಇರುವುದರಿಂದ, ಈಗಾಗಲೇ ಕೊಂಡವರು ಅದನ್ನು ಸೇವೆಯ ನಿರಾಕರಣೆ ಎಂದು ಓದುತ್ತಾರೆಯೇ? ಹಾಗಿದ್ದರೆ ‘ತೆರವು’, ‘ಹಿಂತೆಗೆತ’ ಇವುಗಳಲ್ಲಿ ಯಾವುದು ಮೇಲು? ಚಿತ್ರದುರ್ಗ, ಚಳ್ಳಕೆರೆ, ಹರಿಹರದ ಕಡೆಯ ಅಂಗಡಿಗಳಲ್ಲಿ ಬೇರೆ ಮಾತೇನಾದರೂ ರೂಢಿಯಲ್ಲಿದ್ದರೆ ಅದನ್ನೂ, ಆಡಿದ ವಾಕ್ಯದ ಸಮೇತ, ದಯವಿಟ್ಟು ತಿಳಿಸಬೇಕು.