ಡಿಸ್ಕಿನೊಳಗೆ ಬಿಸಿ ತಂತಿ: ಮನೆಮಂದಿಯ ಗುಂಪಿನಲ್ಲೊಂದು ಜಗಳ

ದೊಡ್ಡಪ್ಪ (ಫಾರ್ವರ್ಡ್): ಬೆನ್ನುನೋವಿಗೆ ಇನ್ನು ಆಪರೇಷನ್ ಬೇಡ!! ಬಳುಕುವ ಬಿಸಿ ತಂತಿಯನ್ನು ಸೂಜಿಯ ಮೂಲಕ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿನೊಳಗೆ ಇಳಿಸಿ ಹದಿನೇಳು ನಿಮಿಷ ಕಾಯಿಸಿದರೆ ಸಾಕು. ಹರಿದ ಡಿಸ್ಕ್ ತಾನೇ ಬೆಸೆದುಕೊಳ್ಳುತ್ತದೆ, ನೋವಿನ ನರ ಶಾಶ್ವತವಾಗಿ ಸಾಯುತ್ತದೆ. ಗಾಯವಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ನೊಂದವರಿಗೆಲ್ಲ ತಲುಪಿಸಿ.

ದೊಡ್ಡಪ್ಪ: ತಮ್ಮಾ, ನಿನಗಾಗಿಯೇ ಹಾಕಿದ್ದೇನೆ. ಪೂರ್ತಿ ಓದು.

ಚಿಕ್ಕಪ್ಪ: ಓದಿದೆ ಅಣ್ಣ. ಹದಿನೇಳು ನಿಮಿಷ ಎಂದರೆ ಬೆಳಿಗ್ಗೆ ನಾನು ಮಂಚದಿಂದ ಏಳಲು ಹಿಡಿಯುವ ಹೊತ್ತು. ಮಾಡಿಸಿಯೇ ಬಿಡೋಣ ಎನಿಸುತ್ತಿದೆ.

ಚಿಕ್ಕಮ್ಮ: ಬರೆದವರು ಯಾರು ಭಾವ? ಕೆಳಗೆ ಹೆಸರೇ ಇಲ್ಲವಲ್ಲ.

ದೊಡ್ಡಪ್ಪ: ಹೆಸರು ಕಟ್ಟಿಕೊಂಡು ಏನಾಗಬೇಕು? ಇಂಥದ್ದೊಂದು ಚಿಕಿತ್ಸೆ ಇರುವುದು ಸುಳ್ಳೇ?

ನಾನು: ಚಿಕಿತ್ಸೆ ಇರುವುದು ಸುಳ್ಳಲ್ಲ ದೊಡ್ಡಪ್ಪ. ಐಡಿಇಟಿ ಎನ್ನುತ್ತಾರೆ, ಎಂದರೆ ಡಿಸ್ಕಿನೊಳಗೆ ವಿದ್ಯುತ್ತಿನಿಂದ ಶಾಖ ಕೊಡುವ ಚಿಕಿತ್ಸೆ. ಆದರೆ ಅದು ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸಾಲ್ ಸಹೋದರರು, ಇಬ್ಬರೂ ವೈದ್ಯರು, ಇದನ್ನು ಬಳಕೆಗೆ ತಂದರು. ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಪಕ್ಕದಿಂದ ಡಿಸ್ಕಿಗೆ ಸೂಜಿ ಹಾಕುತ್ತಾರೆ. ಅದರೊಳಗಿನಿಂದ ಬಳುಕುವ ಕ್ಯಾತಿಟರ್, ಅಂದರೆ ಆ ತಂತಿ, ತೂರಿ, ಡಿಸ್ಕಿನ ಹಿಂಬದಿಯ ಒಳಗೋಡೆಗೆ ಒರಗುವಂತೆ ಸುತ್ತಿಸುತ್ತಾರೆ. ಆಮೇಲೆ ತುದಿಯ ಶಾಖವನ್ನು ಮೆಲ್ಲಮೆಲ್ಲನೆ 90 ಡಿಗ್ರಿವರೆಗೆ ಏರಿಸುತ್ತಾರೆ. ಹದಿನೇಳು ನಿಮಿಷದ ಲೆಕ್ಕ ಬಂದದ್ದು ಅಲ್ಲಿಂದ. ರೋಗಿ ಎಚ್ಚರವಾಗಿಯೇ ಇರಬೇಕು, ಕಾಲಿಗೆ ನೋವು ಇಳಿದರೆ ತಕ್ಷಣ ಹೇಳಬೇಕಲ್ಲ.

ದೊಡ್ಡಪ್ಪ: ನೋಡು, ನೀನೇ ಎಲ್ಲವನ್ನೂ ಒಪ್ಪಿದೆ. ಮತ್ತೆ ಜಗಳ ಯಾವುದಕ್ಕೆ?

ನಾನು: “ತಾನೇ ಬೆಸೆದುಕೊಳ್ಳುತ್ತದೆ” ಎಂಬ ಮಾತಿಗೆ. “ಶಾಶ್ವತ” ಎಂಬ ಮಾತಿಗೂ. ಮೂಲ ಊಹೆ ಎರಡಿತ್ತು: ಹೊರಸುತ್ತಿನ ಕೊಲಾಜನ್ ನಾರು ಶಾಖಕ್ಕೆ ಕುಗ್ಗಿ ಬಿಗಿಯಾಗುತ್ತದೆ, ಬಿರುಕಿನೊಳಗೆ ಬೆಳೆದ ಸಣ್ಣ ನರಗಳು ಸುಟ್ಟುಹೋಗುತ್ತವೆ. ನಾರು ಕುಗ್ಗಲು 60 ಡಿಗ್ರಿಗಿಂತ ಹೆಚ್ಚು, ನರ ಸಾಯಲು 45ರ ಆಸುಪಾಸು ಬೇಕು. ತಂತಿಯ ತುದಿ 90 ತಲುಪಿದರೂ, ಶವಗಳ ಡಿಸ್ಕಿನಲ್ಲಿ ಅಳೆದು ನೋಡಿದವರಿಗೆ ಕೆಲವೇ ಮಿಲಿಮೀಟರ್ ಆಚೆ ಶಾಖ ಬೇಗನೆ ಇಳಿದುಹೋಗುವುದು ಕಂಡಿತು. ಹೊರಸುತ್ತಿನ ನಾರು ಬಹುಪಾಲು ಬೆಚ್ಚಗಾಗುತ್ತದೆ, ಅಷ್ಟೆ.

ದೊಡ್ಡಪ್ಪ: ಶವಕ್ಕೆ ನೋವಿಲ್ಲ, ಅದನ್ನು ಅಳೆದು ಏನು ಪ್ರಯೋಜನ? ಬದುಕಿರುವವರಿಗೆ ವಾಸಿಯಾಗಿದೆಯೋ ಇಲ್ಲವೋ ಹೇಳು.

ನಾನು: ಹೇಳುತ್ತೇನೆ. ಇದರಲ್ಲಿ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದ ಎರಡು ಪ್ರಯೋಗಗಳನ್ನೇ ಎಲ್ಲರೂ ಮುಂದಿಡುತ್ತಾರೆ. ಒಂದು 2004ರದು, ಅಮೆರಿಕದ್ದು. ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ನಿಜವಾಗಿ ಕಾಯಿಸಿದರು, ಉಳಿದವರಿಗೆ ಸೂಜಿ ಹಾಕಿ, ಪರದೆ ತೋರಿಸಿ, ಯಂತ್ರದ ಸದ್ದು ಕೇಳಿಸಿ ಕಳಿಸಿದರು. ಯಾರಿಗೆ ಯಾವುದು ಎಂಬುದು ರೋಗಿಗೆ ಗೊತ್ತಿಲ್ಲ. ಕಾಯಿಸಿಕೊಂಡವರಲ್ಲಿ ಸುಮಾರು ಶೇಕಡ 40 ಜನರಿಗೆ ನೋವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅವರಲ್ಲೇ ಸುಮಾರು ಅರ್ಧದಷ್ಟು ಜನರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ದೊಡ್ಡಪ್ಪ: ನೂರಕ್ಕೆ ನಲವತ್ತು! ಬೇರೆ ಯಾವ ಮಾತ್ರೆ ಅಷ್ಟು ಕೊಟ್ಟಿದೆ ನಿನ್ನ ಚಿಕ್ಕಪ್ಪನಿಗೆ?

ಚಿಕ್ಕಪ್ಪ: ಮಾತ್ರೆ ಕೊಟ್ಟದ್ದು ಹೊಟ್ಟೆಯುರಿ ಮಾತ್ರ.

ನಾನು: ಆ ನಲವತ್ತು ಯಾರಲ್ಲಿ ನಲವತ್ತು ಎಂಬುದನ್ನೂ ಕೇಳಿ. ಪ್ರಯೋಗಕ್ಕೆ ಒಪ್ಪಿ ಬಂದವರು 1360 ಮಂದಿ. ಪರೀಕ್ಷಿಸಿದಾಗ 260 ಮಂದಿ ಉಳಿದರು. ಡಿಸ್ಕಿನೊಳಗೆ ದ್ರವ ತುಂಬಿ ನೋವು ಅಲ್ಲಿಂದಲೇ ಬರುತ್ತಿದೆಯೇ ಎಂದು ನೋಡಿದ ಮೇಲೆ ಸೇರಿಸಿಕೊಂಡದ್ದು 64 ಮಂದಿಯನ್ನು. ಹಾಗೆ ಜರಡಿ ಹಿಡಿದು ಸಿಕ್ಕವರಲ್ಲಿ, ಅದೂ ಕಾಯಿಸಿಕೊಂಡವರಲ್ಲಿ, ನೂರಕ್ಕೆ ನಲವತ್ತು. “ನೊಂದವರಿಗೆಲ್ಲ ತಲುಪಿಸಿ” ಎಂದು ಬರೆದವನು ಉಳಿದ ಸಾವಿರದಿನ್ನೂರು ಚಿಲ್ಲರೆ ಜನರಿಗೂ ಅದೇ ಆಸೆ ಮಾರುತ್ತಿದ್ದಾನೆ. ನನಗೆ ಸಿಟ್ಟು ಬಂದದ್ದು ಅದಕ್ಕೆ, ನಿಮ್ಮ ಮೇಲಲ್ಲ.

ನಾನು: ಎರಡನೆಯದು 2005ರದು, ಆಸ್ಟ್ರೇಲಿಯಾದ್ದು. 57 ಜನ. ಎಲ್ಲರಿಗೂ ತಂತಿ ಇಳಿಸಿದರು, 19 ಜನರಿಗೆ ಮಾತ್ರ ವಿದ್ಯುತ್ ಕೊಡಲಿಲ್ಲ. ಆರು ತಿಂಗಳ ನಂತರ, ಯಶಸ್ಸು ಎನ್ನಲು ಮೊದಲೇ ಗೊತ್ತುಮಾಡಿದ್ದ ಮಟ್ಟವನ್ನು ಎರಡೂ ಗುಂಪಿನಲ್ಲಿ ಒಬ್ಬರೂ ಮುಟ್ಟಿರಲಿಲ್ಲ.

ಚಿಕ್ಕಮ್ಮ: ಒಬ್ಬರೂ?

ನಾನು: ಒಬ್ಬರೂ ಇಲ್ಲ ಚಿಕ್ಕಮ್ಮ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2008ರಲ್ಲಿ ಡಿಸ್ಕಿನೊಳಗೆ ಕಾಯಿಸುವ ಚಿಕಿತ್ಸೆಗಳಿಗೆ ಹಣ ಕೊಡುವುದಿಲ್ಲ ಎಂದು ತೀರ್ಮಾನಿಸಿತು. ಚಿಕಿತ್ಸೆಗಳನ್ನು ತೂಗಿ ನೋಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ, ಸುರಕ್ಷತೆಯ ಬಗ್ಗೆ ದೊಡ್ಡ ಆತಂಕವಿಲ್ಲ, ಆದರೆ ಗುಣವಾಗುತ್ತದೆ ಎನ್ನುವ ಪುರಾವೆ ಒಂದಕ್ಕೊಂದು ತಾಳೆಯಾಗುವುದಿಲ್ಲ, ಗುಣಮಟ್ಟವೂ ಕಳಪೆ ಎಂದಿತು.

ಅತ್ತೆ: ನೀವೆಲ್ಲ ಕಾಗದ ಓದುತ್ತೀರಿ, ನಾನು ಮಾಡಿಸಿಕೊಂಡವಳು. ಬೆನ್ನಿಗೆ ಸೂಜಿ ಹಾಕಿ ಕಾಯಿಸಿದರು, ಎಷ್ಟೋ ತಿಂಗಳು ಹಾಯಾಗಿದ್ದೆ. ಅಣ್ಣ ಹೇಳುವುದರಲ್ಲಿ ತಪ್ಪೇನಿದೆ?

ದೊಡ್ಡಪ್ಪ: ಕೇಳಿತೇ ಎಲ್ಲರಿಗೂ?

ಅತ್ತಿಗೆ: ಅತ್ತೆ, ನಿಮಗೆ ಮೊದಲು ಬರೀ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನೋವು ಇಳಿಯಿತೇ ಎಂದು ಕೇಳಿದ್ದರಲ್ಲವೇ?

ಅತ್ತೆ: ಹೌದು. ಆಮೇಲೆ ಇನ್ನೊಂದು ದಿನ ಕರೆಸಿದರು.

ಅತ್ತಿಗೆ: ಹಾಗಾದರೆ ನಿಮ್ಮದು ಬೇರೆಯೇ ಚಿಕಿತ್ಸೆ. ಬೆನ್ನುಮೂಳೆಯ ಹಿಂಬದಿಯಲ್ಲಿ ಸಣ್ಣ ಕೀಲುಗಳಿವೆ. ಅಲ್ಲಿಂದ ನೋವು ಹೊತ್ತು ತರುವ ನರದ ಪಕ್ಕ ಸೂಜಿ ಇಟ್ಟು ಒಂದೂವರೆ ನಿಮಿಷದೊಳಗೆ ಕಾಯಿಸುತ್ತಾರೆ. ಡಿಸ್ಕನ್ನು ಮುಟ್ಟುವುದೇ ಇಲ್ಲ. ಇಂಜೆಕ್ಷನ್ನಿಗೆ ನೋವು ಇಳಿದವರಿಗೆ ಮಾತ್ರ ಮಾಡುತ್ತಾರೆ. ಆರು ತಿಂಗಳಿಂದ ಒಂದು ವರ್ಷದವರೆಗೆ ಆರಾಮ ಸಿಗುವುದುಂಟು, ನರ ಮತ್ತೆ ಬೆಳೆದಾಗ ನೋವೂ ಮರಳಬಹುದು. ನಿಮಗೆ ಗುಣ ಕಂಡದ್ದು ನಿಜ. ಆದರೆ ಅದು ಈ ಸಂದೇಶಕ್ಕೆ ಸಾಕ್ಷಿಯಾಗುವುದಿಲ್ಲ.

ದೊಡ್ಡಪ್ಪ: ಸೊಸೆಯೂ ಆ ಪಕ್ಷವೇ ಆಯಿತು.

ಅತ್ತಿಗೆ: ಪಕ್ಷದ ಮಾತಲ್ಲ ಮಾವ. ದಿನಾ ಬೆನ್ನುನೋವಿನವರಿಗೆ ವ್ಯಾಯಾಮ ಮಾಡಿಸುವವಳು ನಾನು, ಫಿಸಿಯೋಥೆರಪಿಯನ್ನು ಹೊಗಳಿಕೊಳ್ಳುತ್ತಿದ್ದೇನೆ ಎಂದುಕೊಂಡರೂ ಸರಿ. “ಅದೇ ದಿನ ಮನೆಗೆ” ಎಂದು ಬರೆದಿದ್ದಾರೆ. ಮನೆಗೆ ಬಂದ ಮೇಲೆ ವಾರಗಟ್ಟಲೆ ಸೊಂಟಪಟ್ಟಿ, ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ತಿಂಗಳುಗಟ್ಟಲೆ ವ್ಯಾಯಾಮ. ಅದನ್ನೇಕೆ ಬರೆಯಲಿಲ್ಲ? ಅಪರೂಪಕ್ಕೆ ತಂತಿ ಒಳಗೇ ಮುರಿದದ್ದೂ, ನರದ ಬೇರಿಗೆ ಪೆಟ್ಟಾದದ್ದೂ, ಡಿಸ್ಕಿಗೆ ಸೋಂಕು ತಗಲಿದ್ದೂ ವರದಿಯಾಗಿದೆ.

ಚಿಕ್ಕಪ್ಪ: ನನ್ನ ಎಂಆರ್‌ಐಯಲ್ಲಿ ಡಿಸ್ಕ್ ಸವೆದಿದೆ, ಉಬ್ಬಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರಮ್ಮ. ನೋವು ಅಲ್ಲಿಂದಲ್ಲದೆ ಇನ್ನೆಲ್ಲಿಂದ ಬರಬೇಕು?

ನಾನು: ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಅವಲೋಕನವಿದೆ ಚಿಕ್ಕಪ್ಪ. ಐವತ್ತರ ವಯಸ್ಸಿನಲ್ಲಿ ಶೇಕಡ 80 ಜನರ ಡಿಸ್ಕ್ ಸವೆದಿತ್ತು, ಶೇಕಡ 60 ಜನರದು ಉಬ್ಬಿತ್ತು. ನೋವಿಲ್ಲದೆ ಓಡಾಡುತ್ತಿದ್ದವರು ಅವರು.

ಅತ್ತಿಗೆ: ಚಿಕ್ಕ ಮಾವ, ಒಂದು ಪ್ರಶ್ನೆ. ನೋವು ಸೊಂಟದಲ್ಲೇ ನಿಲ್ಲುತ್ತದೆಯೋ, ಕೆಳಗೆ ಇಳಿಯುತ್ತದೆಯೋ?

ಚಿಕ್ಕಪ್ಪ: ಎಡಗಾಲಿಗೆ ಇಳಿಯುತ್ತದೆ. ಮೀನಖಂಡದವರೆಗೆ ಸೆಳೆತ, ಹೆಬ್ಬೆರಳು ಆಗಾಗ ಜೋಮು ಹಿಡಿಯುತ್ತದೆ.

ಅತ್ತಿಗೆ: ಇಷ್ಟು ಹೊತ್ತು ಎಲ್ಲರೂ ಯಾವುದಕ್ಕೆ ಜಗಳವಾಡಿದೆವು! ಬಿಸಿ ತಂತಿಯನ್ನು ಮುಖ್ಯವಾಗಿ ಯೋಚಿಸಿದ್ದು ಡಿಸ್ಕಿನ ಒಳಗೇ ಹುಟ್ಟಿ ಸೊಂಟದಲ್ಲೇ ಉಳಿಯುವ ನೋವಿಗೆ. ನೀವು ಹೇಳುತ್ತಿರುವುದು ನರದ ಬೇರು ಒತ್ತಿಕೊಂಡಿರುವ ಲಕ್ಷಣ. ನಾನು ಪರೀಕ್ಷಿಸದೆ ಖಚಿತವಾಗಿ ಹೇಳಲಾರೆ, ಆದರೆ ಡಿಸ್ಕ್ ಜಾರಿ ಬಂದ ಇಂಥ ಕಾಲುನೋವು ಅನೇಕರಲ್ಲಿ ವಾರಗಳಲ್ಲಿ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಪಾದ ಎತ್ತಲು ಬಲ ಸಾಲುತ್ತಿದೆಯೇ?

ಚಿಕ್ಕಪ್ಪ: ಬಲಕ್ಕೇನೂ ಕಡಿಮೆಯಿಲ್ಲ.

ಅತ್ತಿಗೆ: ಒಳ್ಳೆಯದು. ಪಾದ ಸೋತರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಮಾತ್ರ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ.

ಚಿಕ್ಕಮ್ಮ: ಕಾಲಿನ ವಿಷಯ ಡಾಕ್ಟರಿಗೆ ಹೇಳಿದ್ದೀರಾ?

ಚಿಕ್ಕಪ್ಪ: ಬೆನ್ನು ತೋರಿಸಲು ಹೋದವನು ಬೆನ್ನು ತೋರಿಸಿ ಬಂದೆ. ಕಾಲಿನ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಚಿಕ್ಕಮ್ಮ: ಸೋಮವಾರ ನಾನೂ ಒಳಗೆ ಬರುತ್ತೇನೆ. ಮಾತು ನಾನೇ ಆಡುತ್ತೇನೆ.

ದೊಡ್ಡಪ್ಪ: ನಾನೂ ಬರುತ್ತೇನೆ. ಆ ನಲವತ್ತರ ಲೆಕ್ಕವನ್ನು ಡಾಕ್ಟರನ್ನೇ ಕೇಳುವುದಿದೆ.