ಸಹಾಯ ಬೇಕು: ಕಚೇರಿ ಕಂಪ್ಯೂಟರ್‌ಗಳ ರಾತ್ರಿಯ ವಿದ್ಯುತ್ ಬಳಕೆ ತಗ್ಗಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಸಗಟು ವ್ಯಾಪಾರ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಇಲ್ಲಿನ 30 ಡೆಸ್ಕ್‌ಟಾಪ್‌ಗಳು ರಾತ್ರಿಯಿಡೀ ಚಾಲೂ ಇರುತ್ತವೆ; ಬೆಳಿಗ್ಗೆ ಮತ್ತೆ ಎಲ್ಲವನ್ನೂ ತೆರೆಯುವ ತಾಪತ್ರಯ ಬೇಡವೆಂಬುದು ಸಿಬ್ಬಂದಿಯ ವಾದ. ಪ್ಲಗ್ ಮೀಟರ್ ಹಾಕಿ ನೋಡಿದಾಗ, ಕೆಲಸವಿಲ್ಲದೆ ಕುಳಿತ ಒಂದು ಸಿಪಿಯು ಸುಮಾರು 40 ವ್ಯಾಟ್ ಎಳೆಯುತ್ತಿದ್ದದ್ದು ಸ್ಲೀಪ್‌ಗೆ ಹಾಕಿದ ಮೇಲೆ 2 ವ್ಯಾಟ್‌ಗೆ ಇಳಿಯಿತು. ಎಲ್ಲವೂ ಹೀಗೆಯೇ ಎಂದುಕೊಂಡರೆ, ರಾತ್ರಿಯ 14 ಗಂಟೆಗಳಲ್ಲಿ ಹತ್ತಿರಹತ್ತಿರ 16 ಯೂನಿಟ್ ಉಳಿಯುತ್ತದೆ. ಸ್ಕ್ರೀನ್‌ಸೇವರ್ ಓಡುತ್ತಿದೆಯಲ್ಲ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಅದು ಹಳೆಯ ಪಿಕ್ಚರ್ ಟ್ಯೂಬ್ ಪರದೆಗಳನ್ನು ಕಾಪಾಡಲು ಬಂದದ್ದು, ಬೆಸ್ಕಾಂ ಬಿಲ್ಲಿನಲ್ಲಿ ಅದರಿಂದ ಬಿಡಿಗಾಸೂ ಕಡಿಮೆಯಾಗದು.

ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೆಡೆಯಿಂದ ನಿಯಂತ್ರಿಸುವ ಡೊಮೈನ್ ಸರ್ವರ್ ನಮ್ಮಲ್ಲಿ ಇಲ್ಲ. ಪ್ರತಿ ಯಂತ್ರದ ಮುಂದೆ ಕೂರದೆ, ವಿಂಡೋಸ್‌ನ ವಿದ್ಯುತ್ ಸೆಟ್ಟಿಂಗ್ ಬದಲಿಸುವ ಪವರ್‌ಸಿಎಫ್‌ಜಿ (powercfg) ಆಜ್ಞೆಯ ಸ್ಕ್ರಿಪ್ಟ್ ಒಂದರಿಂದಲೇ ಎಲ್ಲದಕ್ಕೂ ಸ್ಲೀಪ್ ಅವಧಿ ನಿಗದಿ ಮಾಡಿದವರು ಇದ್ದರೆ ದಯವಿಟ್ಟು ಕ್ರಮ ತಿಳಿಸಿ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ದತ್ತಾಂಶ ಒಂದೇ ಯಂತ್ರದಲ್ಲಿದ್ದು ಉಳಿದವು ಜಾಲದ ಮೂಲಕ ಅದನ್ನು ಬಳಸುವುದರಿಂದ, ಟ್ಯಾಲಿ ತೆರೆದಿಟ್ಟೇ ಎದ್ದುಹೋದವರ ಕಂಪ್ಯೂಟರ್ ಸ್ಲೀಪ್‌ಗೆ ಜಾರಿದರೆ ಕಡತ ಕೆಟ್ಟೀತೆಂಬ ಅಂಜಿಕೆ ಮಾಲೀಕರದು, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇದಕ್ಕೆ ನೀವು ಕಂಡುಕೊಂಡ ಉಪಾಯವೇನು?

ಇನ್ನೊಂದು ವಿಷಯ: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಕೆಲವು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮಾತು ನಡೆದಿದೆ. ಬಿಲ್ ಬರೆಯುವುದಕ್ಕಷ್ಟೇ ಬಳಕೆಯಾಗುವ ಇವುಗಳಲ್ಲಿ ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ದುಡಿಸಬಹುದೆಂಬುದು ನನ್ನ ಅಭಿಪ್ರಾಯ. ಅದು ಆಗದಿದ್ದರೆ, ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಗಾರರು ಇದ್ದಾರೆಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.