ಗಾಯ ಆದ ಜಾಗದಲ್ಲೇ ರಕ್ತ ಹೆಪ್ಪುಗಟ್ಟುವುದು ಹೇಗೆ?

ಮಲ್ಪೆ ಹುಡುಗ:
ನಿನ್ನೆ ಬಂಗುಡೆ ಕೊಯ್ಯುವಾಗ ಕತ್ತಿ ಬೆರಳಿಗೆ ತಾಗಿತು. ಒತ್ತಿ ಹಿಡಿದೆ, ಸ್ವಲ್ಪ ಹೊತ್ತಲ್ಲೇ ರಕ್ತ ನಿಂತಿತು. ಅಪ್ಪನಿಗೆ ಇಷ್ಟು ಬೇಗ ನಿಲ್ಲುವುದಿಲ್ಲ, ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ತಿನ್ನುತ್ತಾರೆ. ನನ್ನ ಡೌಟ್ ಏನೆಂದರೆ, ರಕ್ತ ನಿಲ್ಲಿಸುವ ಸಣ್ಣ ಕಣ ಪ್ಲೇಟ್‌ಲೆಟ್ ಯಾವಾಗಲೂ ರಕ್ತದಲ್ಲೇ ಓಡಾಡಿಕೊಂಡಿರುತ್ತದೆ ಅಲ್ವಾ, ಹಾಗಿರುವಾಗ ಕೊಯ್ದ ಕಡೆ ಮಾತ್ರ ಅಂಟಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ರಕ್ತನಾಳದ ಗೋಡೆಯಲ್ಲೇ ಏನೋ ಪ್ರೋಟೀನ್ ಇದೆ ಅಂತಾರೆ, ನಿಜವಾ?

ಲ್ಯಾಬ್ ಅಕ್ಕ:
ಉಂಟು, ಆದರೆ ಅಡಗಿಕೊಂಡಿರುತ್ತದೆ. ನಾಳದ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳು ಪದರ. ಅದರ ಅಡಿಯಲ್ಲಿ ಕೊಲಾಜೆನ್ ಅನ್ನುವ ನಾರಿನಂಥ ಪ್ರೋಟೀನ್. ಪದರ ಸರಿ ಇರುವ ತನಕ ರಕ್ತಕ್ಕೂ ಕೊಲಾಜೆನ್‌ಗೂ ಭೇಟಿಯೇ ಇಲ್ಲ. ಮೇಲಿಂದ ಆ ಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ಪ್ಲೇಟ್‌ಲೆಟ್‌ಗಳನ್ನು ಸುಮ್ನೆ ಇರಿಸುತ್ತದೆ. ಪದರ ಹರಿದರೆ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅನ್ನುವ ಉದ್ದನೆಯ ಪ್ರೋಟೀನ್ ಬಂದು ಕೊಲಾಜೆನ್‌ಗೆ ಕಚ್ಚಿಕೊಳ್ಳುತ್ತದೆ. ಮುದುಡಿಕೊಂಡಿದ್ದದ್ದು ರಕ್ತದ ಸೆಳೆತಕ್ಕೆ ಬಿಚ್ಚಿಕೊಂಡು, ನಿಮ್ಮ ಮಲ್ಪೆಯ ಬಲೆ ಮೀನು ಹಿಡಿದ ಹಾಗೆ ಓಡುವ ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ. ಆಮೇಲೆ ಅವೇ ಕೊಲಾಜೆನ್‌ಗೆ ಅಂಟಿ, ಆಕಾರ ಬದಲಿಸಿ, ಥ್ರಾಂಬಾಕ್ಸೇನ್ ಅನ್ನುವ ರಾಸಾಯನಿಕ ಬಿಟ್ಟು ಉಳಿದವನ್ನೂ ಕರೆಯುತ್ತವೆ. ಆಸ್ಪಿರಿನ್ ತಡೆಯುವುದು ಈ ಥ್ರಾಂಬಾಕ್ಸೇನನ್ನು.

ಕದ್ರಿಯವ:
ಬರೀ ಪ್ಲೇಟ್‌ಲೆಟ್ ಗುಂಪು ಗಟ್ಟಿಯಾಗಿ ನಿಲ್ಲುವುದಿಲ್ಲ ಮಾರಾಯ. ಗೋಡೆಯ ಒಳಪದರದ ಆಚೆ ಇರುವ ಜೀವಕೋಶಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಅಂತ ಇನ್ನೊಂದು ಪ್ರೋಟೀನ್ ಇದೆ. ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಒಂದಾದ ಏಳನೇ ಫ್ಯಾಕ್ಟರ್ ಅದಕ್ಕೆ ಸೇರಿತೋ, ಒಂದರ ಹಿಂದೆ ಒಂದು ಕೆಲಸ ಶುರುವಾಗಿ ಕೊನೆಗೆ ಥ್ರಾಂಬಿನ್ ಅನ್ನುವ ಕಿಣ್ವ ತಯಾರು, ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಪ್ರೋಟೀನನ್ನು ಫೈಬ್ರಿನ್ ಎಳೆ ಮಾಡಿ ಎಲ್ಲವನ್ನೂ ಬಿಗಿಯುತ್ತದೆ. ಹಾರ್ಟ್ ಅಟ್ಯಾಕಿನಲ್ಲೂ ಹೆಚ್ಚಾಗಿ ಇದೇ ಕತೆ. ನಾಳದೊಳಗಿನ ಕೊಬ್ಬಿನ ಗಂಟು ಒಡೆದರೆ ಕೊಲಾಜೆನ್, ಟಿಶ್ಯೂ ಫ್ಯಾಕ್ಟರ್ ಎರಡೂ ರಕ್ತಕ್ಕೆ ಸಿಗುತ್ತವೆ. ಹೊರಗೆ ಗಾಯವೇ ಇಲ್ಲ, ಒಳಗೆ ಹೆಪ್ಪು!

ಮಲ್ಪೆ ಹುಡುಗ:
ಆ ವಾನ್ ವಿಲ್ಲೆಬ್ರಾಂಡ್ ಕಮ್ಮಿ ಇದ್ದರೆ?

ಲ್ಯಾಬ್ ಅಕ್ಕ:
ಅದೇ ಹೆಸರಿನ ಕಾಯಿಲೆ, ಹುಟ್ಟಿನಿಂದ ಬರುವಂಥದ್ದು. ಫಿನ್‌ಲೆಂಡಿನ ಡಾಕ್ಟರ್ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದರ ಬಗ್ಗೆ ಬರೆದರು. ಮೂಗಲ್ಲಿ ಆಗಾಗ ರಕ್ತ, ಮುಟ್ಟಿನಲ್ಲಿ ತುಂಬಾ ಜಾಸ್ತಿ ಹೋಗುವುದು, ಹಲ್ಲು ಕಿತ್ತರೆ ನಿಲ್ಲದಿರುವುದು. ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೌಂಟ್ ಸರಿಯೇ ಇರುತ್ತದೆ. ನಮ್ಮಲ್ಲಿ ಡೆಂಗ್ಯೂ ಹೆದರಿಕೆಗೆ ಎಲ್ಲರೂ ಕೌಂಟ್ ಒಂದನ್ನೇ ನೋಡುತ್ತಾರೆ, ಹಾಗಾಗಿ ಇದು ತಪ್ಪಿಹೋಗುತ್ತದೆ. ಮತ್ತೆ, ಅಪ್ಪನ ಆಸ್ಪಿರಿನ್ ನೀವಾಗಿಯೇ ನಿಲ್ಲಿಸಬೇಡಿ. ಹಲ್ಲು ಕೀಳಿಸಲಿಕ್ಕಿದ್ದರೂ ಮೊದಲು ಹಾರ್ಟ್ ಡಾಕ್ಟರನ್ನು ಕೇಳಿ.